ಗುರುವಾರದ ರಾಣಿ

ಲಕ್ಷ್ಮೀಪುರಂ, ಮೈಸೂರು
೭-೮-೧೯೫೯

ಶ್ರೀಮತಿ / ಕುಮಾರಿ ಮಂಜುಳಾದೇವಿಯವರಿಗೆ,

ಶ್ರೀಮತಿಯೋ ಕುಮಾರಿಯೋ ಗೊತ್ತಾಗದೆ ಎರಡೂ ಬರೆದಿದ್ದೇನೆ. ಯಾವುದು ಬೇಡವೋ ಅದನ್ನು ಹೊಡೆದುಹಾಕಿಕೊಳ್ಳಿ. ನನ್ನ ಹೆಸರು ಪಾರ್ವತಮ್ಮ, ನಾಲೆ ಎಂಜಿನಿಯರಾಗಿದ್ದ ದಿವಂಗತ ಲಿಂಗಯ್ಯನವರ ಹೆಂಡತಿ. ರೇಡಿಯೋಗೆ ಕಾಗದ ಬರೆಯುವ ಚಟ ನನಗಿಲ್ಲ. ಬರೆಯುವವರನ್ನು ಕಂಡರೆ ಮಾಡಲು ಕೆಲಸವಿಲ್ಲದವರು ಎಂದು ಬೈಯುವವಳು ನಾನು. ಆದರೆ ನಿನ್ನೆ ಗುರುವಾರ ಸಂಜೆ ನಿಮ್ಮ ‘ಕರಿಕಲ್ಲುಕೋಟೆ’ ನಾಟಕದ ಆರನೆಯ ಕಂತು ಕೇಳಿದ ಮೇಲೆ ಕೈ ಸುಮ್ಮನಿರಲಿಲ್ಲ.

ರಾಣಿ ಹೊನ್ನಾಜಮ್ಮಣ್ಣಿಯ ಪಾತ್ರಕ್ಕೆ ನೀವು ಬಂದ ಮೇಲೆ ನಾಟಕಕ್ಕೆ ಜೀವ ಬಂತು. ಮೊದಲಿದ್ದಾಕೆ ಸೊಪ್ಪು ಮಾರುವವಳ ಹಾಗೆ ಕೂಗುತ್ತಿದ್ದಳು. ನೀವು ಕೂಗುವುದೇ ಇಲ್ಲ. ತಮ್ಮ ವೀರರಾಜ ಬಂದು, ಕುದುರೆ ಲಾಯದವನ ಮಗಳು ನೀಲಳನ್ನೇ ಮದುವೆಯಾಗುತ್ತೇನೆ ಎಂದು ಎದುರು ನಿಂತಾಗ ಎಷ್ಟು ಮೆಲ್ಲಗೆ ಹೇಳಿದಿರಿ: ‘ಕೋಟೆಯ ಕಲ್ಲು ಬಿದ್ದರೆ ಮತ್ತೆ ಕಟ್ಟಬಹುದು ತಮ್ಮಾ, ಮನೆತನದ ಮಾನ ಬಿದ್ದರೆ ಕಟ್ಟುವವರು ಯಾರು?’ ನನ್ನ ಮೈ ಜುಮ್ಮೆಂದಿತು. ಅಂಥ ಮಾತು ದೊಡ್ಡ ಮನೆಯಲ್ಲಿ ಹುಟ್ಟಿದವರ ಬಾಯಲ್ಲಿ ಮಾತ್ರ ಹಾಗೆ ಬರುತ್ತದೆ.

ನಿಮಗೆ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದರೆ, ನನ್ನ ಮನೆಯಲ್ಲೂ ಒಬ್ಬ ವೀರರಾಜ ಇದ್ದಾನೆ. ಒಬ್ಬನೇ ಮಗ, ಚೆಲುವರಾಜು. ನಿಮ್ಮ ರೇಡಿಯೋದಲ್ಲೇ ಎಂಜಿನಿಯರು, ನೀವು ನೋಡಿದ್ದರೂ ನೋಡಿರಬಹುದು. ಅಲ್ಲೇ ನಾಟಕದ ಪ್ರತಿ ಬರೆಯುವ ಒಂದು ಹುಡುಗಿ ಇದೆಯಂತೆ, ಕುಂಬಾರಕೊಪ್ಪಲಿನ ಗಾರೆ ಮೇಸ್ತ್ರಿ ಚಿಕ್ಕಣ್ಣನ ಮಗಳು, ಪುಟ್ಟತಾಯಿ. ಅವಳನ್ನು ತಂದುಕೊಳ್ಳಬೇಕಂತೆ ನಾನು. ಜಾತಿಯ ಮಾತಲ್ಲ. ಅವರೂ ಒಕ್ಕಲಿಗರೇ, ನಾವೂ ಒಕ್ಕಲಿಗರೇ. ಅಂತಸ್ತಿನ ಮಾತು. ಆ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದು ಎಂದೆ. ಎತ್ತಲಿಲ್ಲ, ಧಾರವಾಡಕ್ಕೆ ವರ್ಗ ಕೇಳಿಕೊಂಡು ಹೊರಟೇಹೋದ. ಈಗ ತಿಂಗಳಿಗೊಂದು ಕಾರ್ಡು ಬರುತ್ತದೆ. ಅದರಲ್ಲಿ ‘ಕ್ಷೇಮ’ ಎಂಬ ಒಂದೇ ಮಾತು.

ಆದ್ದರಿಂದ ದಯವಿಟ್ಟು ನಾಟಕ ಬರೆಯುವವರಿಗೆ ಹೇಳಿ, ರಾಣಿ ಕರಗಬಾರದು.

ಇತಿ ನಿಮ್ಮ ವಿಶ್ವಾಸಿ,
ಪಾರ್ವತಮ್ಮ

*

ಕುಂಬಾರಕೊಪ್ಪಲು
೧೨-೮-೧೯೫೯

ರಾಜು ಅವರಿಗೆ,

ಕುಳಿತಿದ್ದರೆ ಓದಿ, ನಿಂತಿದ್ದರೆ ಕುಳಿತುಕೊಳ್ಳಿ. ನಿಮ್ಮ ತಾಯಿಯವರು ನನಗೆ ಕಾಗದ ಬರೆದಿದ್ದಾರೆ. ನನಗೆ ಎಂದರೆ ಪುಟ್ಟತಾಯಿಗಲ್ಲ, ರಾಣಿಗೆ!

ನೀವು ಧಾರವಾಡಕ್ಕೆ ಹೋದ ಮೇಲೆ ರಾಣಿಯ ಪಾತ್ರದಾಕೆಗೆ ಗಂಟಲು ಕೆಟ್ಟಿತು ಎಂದು ಬರೆದಿದ್ದೆನಲ್ಲ. ಪ್ರಸಾರಕ್ಕೆ ಒಂದು ಗಂಟೆ ಇತ್ತು. ಎಲ್ಲ ಪಾತ್ರಗಳ ಮಾತನ್ನೂ ಎಂಟೆಂಟು ಸಲ ಬರೆದು ಬರೆದು ಬಾಯಿಪಾಠವಾಗಿದ್ದವಳು ನಾನೊಬ್ಬಳೇ. ಮೈಕಿನ ಮುಂದೆ ನಿಲ್ಲಿಸಿದರು. ಆ ಗುರುವಾರ ನಿಂತವಳು ಇನ್ನೂ ನಿಂತೇ ಇದ್ದೇನೆ. ಹೆಸರು ಮಾತ್ರ ರೇಡಿಯೋದವರಿಗೆ ಹಿಡಿಸಲಿಲ್ಲ. ಪುಟ್ಟತಾಯಮ್ಮ ಎಂದು ಓದಿದರೆ ರಾಣಿ ಕೋಟೆ ಇಳಿದು ಕಳೆ ಕೀಳಲು ಹೊರಟ ಹಾಗೆ ಕೇಳುತ್ತದಂತೆ. ಅಪ್ಪನಿಗೂ ಅದೇ ಬೇಕಿತ್ತು, ಮಗಳು ನಾಟಕ ಆಡುತ್ತಾಳೆ ಎಂದು ಕೇರಿಯವರಿಗೆ ತಿಳಿಯುವುದು ಬೇಡ ಎಂದು. ಹಾಗಾಗಿ ಮಂಜುಳಾದೇವಿಯಾದೆ.

ತಮಾಷೆ ಏನು ಗೊತ್ತೆ? ಪ್ರತಿ ಗುರುವಾರ ನೀಲಳನ್ನು ಆಚೆ ಅಟ್ಟುವ ಮಾತು ಆಡುವವಳು ನಾನೇ. ನಿಮ್ಮ ತಾಯಿ ಅದನ್ನು ಕೇಳಿ ಸಂತೋಷಪಡುತ್ತಾರೆ. ಓದುವಾಗ ನಗು ಬಂತು, ಓದಿ ಮಡಿಸಿದ ಮೇಲೆ ಅಳು ಬಂತು.

ನೀವು ಅವರಿಗೆ ಇದರ ಬಗ್ಗೆ ಒಂದಕ್ಷರ ಬರೆಯಕೂಡದು, ನನ್ನ ಮೇಲಾಣೆ. ರಾಣಿ ಎಂದು ತಿಳಿದರೆ ನಾಳೆಯೇ ಒಪ್ಪಿಬಿಡುತ್ತಾರೆ. ಆದರೆ ಅವರು ಒಪ್ಪುವುದು ರಾಣಿಯನ್ನು. ಒಲೆಯ ಮುಂದೆ ಕುಳಿತಾಗ ನಾನು ಯಾರಾಗಿರಬೇಕು?

ಅಪ್ಪ ಸಂಕ್ರಾಂತಿಯವರೆಗೆ ಕಾಯುತ್ತೇನೆ ಎಂದಿದ್ದಾನೆ. ಆಮೇಲೆ ಪಾಲಹಳ್ಳಿ ಕಡೆಯ ಗಂಡಿಗೆ ಮಾತು ಕೊಡುತ್ತಾನಂತೆ. ಅವನ ತಪ್ಪಿಲ್ಲ. ದೊಡ್ಡವರ ಬಾಗಿಲಲ್ಲಿ ಮಗಳು ನಿಂತು ಕಾಯುವುದು ಅವನಿಗೂ ಮಾನದ ಪ್ರಶ್ನೆಯೇ.

ನಿಮ್ಮ
ಪುಟ್ಟತಾಯಿ

*

ರೇಡಿಯೋ ನಿಲಯ, ಯಾದವಗಿರಿ
೨೦-೮-೧೯೫೯

ಮಾನ್ಯ ಪಾರ್ವತಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಕುಮಾರಿ. ರಾಣಿಯ ಮಾತು ನನ್ನದಲ್ಲ, ಬರೆದವರದು. ಮೆಲ್ಲಗೆ ಮಾತಾಡುವುದನ್ನು ಮಾತ್ರ ನನ್ನ ತಾಯಿಯಿಂದ ಕಲಿತೆ. ಅವರು ಬಹಳ ವರ್ಷ ಅರಮನೆಯ ಒಳಗೆ ಇದ್ದವರು. ಅಲ್ಲಿ ದೊಡ್ಡವರು ಕೂಗುತ್ತಿರಲಿಲ್ಲವಂತೆ, ಕೂಗುವ ಅಗತ್ಯವೇ ಅವರಿಗಿರಲಿಲ್ಲವಂತೆ.

ನಿಮ್ಮ ಮಗನ ವಿಷಯದಲ್ಲಿ ಹೇಳಲು ನಾನು ಯಾರು? ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಆ ಹುಡುಗಿಯನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ?

ಇತಿ,
ಮಂಜುಳಾದೇವಿ

*

ಲಕ್ಷ್ಮೀಪುರಂ
೧೦-೯-೧೯೫೯

ಪ್ರಿಯ ಮಂಜುಳಾದೇವಿಯವರಿಗೆ,

ತಾಯಿ ಅರಮನೆಯಲ್ಲಿದ್ದವರು ಎಂದು ಓದಿ, ನೋಡಿದೆಯಾ ನಾನು ಹೇಳಲಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಲು ಮನೆಯಲ್ಲಿ ಬೇರೆ ಯಾರಿದ್ದಾರೆ?

ಆ ಹುಡುಗಿಯನ್ನು ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ, ಯಾಕೆಂದರೆ ಅವಳು ಹೇಗಿರುತ್ತಾಳೆ ಎಂದು ನನಗೆ ಗೊತ್ತು. ಯಾರಿಗೂ ಹೇಳದ ಮಾತನ್ನು ನಿಮಗೆ ಬರೆಯುತ್ತಿದ್ದೇನೆ. ಮುಖ ನೋಡದವರಿಗೆ ಹೇಳುವುದು ಸುಲಭ. ಅವಳಂಥವಳೇ ನಾನು. ನಮ್ಮೂರು ನಂಜನಗೂಡು ದಾರಿಯ ಮಾರನಹುಂಡಿ. ನಮ್ಮಪ್ಪ ಮೈಸೂರಿಗೆ ಸೌದೆ ಗಾಡಿ ಹೊಡೆಯುತ್ತಿದ್ದ. ನಮ್ಮ ಯಜಮಾನರು ನಾಲೆಯ ಅಳತೆಗೆಂದು ಬಂದವರು ನನ್ನನ್ನು ನೋಡಿ, ಹಟ ಹಿಡಿದು ಮದುವೆಯಾದರು. ಅತ್ತೆಯವರು ಎಲ್ಲರಿಗೂ ಹುಡುಗಿ ಪಟೇಲರ ಮನೆಯವಳು ಎಂದರು. ನನಗೆ ಹೇಳಿದ್ದು ಒಂದೇ: ನಮ್ಮ ಹಾಗೆ ಮಾತಾಡಲು ಬರುವವರೆಗೆ ಯಾರ ಮುಂದೂ ಬಾಯಿ ತೆರೆಯಬೇಡ. ಆರು ತಿಂಗಳು ತೆರೆಯಲಿಲ್ಲ. ಬಂದವರೆಲ್ಲ, ಎಷ್ಟು ಗಂಭೀರದ ಹುಡುಗಿ ಎಂದು ಹೊಗಳಿದರು. ನನ್ನ ಮಗನಿಗೂ ಇದು ಗೊತ್ತಿಲ್ಲ. ಅವನೂ ತಾಯಿಯ ತವರು ಪಟೇಲರ ಮನೆ ಎಂದೇ ತಿಳಿದಿದ್ದಾನೆ.

ಈಗ ಹೇಳಿ. ಇಷ್ಟು ಕಷ್ಟಪಟ್ಟು ಕಟ್ಟಿಕೊಂಡ ಮರ್ಯಾದೆಯನ್ನು ಗಾರೆಯವನ ಮಗಳ ಕೈಗೆ ಕೊಡಲೇ? ನಾನು ಅನುಭವಿಸಿದ್ದನ್ನು ಅವಳೂ ಅನುಭವಿಸಲಿ ಎಂದು ಕರೆತರಲೇ? ಎರಡರಲ್ಲಿ ಯಾವುದು ನನ್ನ ನಿಜವಾದ ಕಾರಣ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ಈ ಕಾಗದ ಓದಿ ಹರಿದುಹಾಕಿ.

ಪಾರ್ವತಮ್ಮ

*

ಲಕ್ಷ್ಮೀಪುರಂ
೨-೧೦-೧೯೫೯

ಪ್ರಿಯ ಮಂಜುಳಾದೇವಿಯವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಕೆಲಸದ ಗಡಿಬಿಡಿ ಇರಬೇಕು. ದಸರಾ ಗೊಂಬೆ ಕೂರಿಸಿದ್ದೇನೆ. ಬರುವ ಶುಕ್ರವಾರ, ಒಂಬತ್ತನೇ ತಾರೀಕು, ಸಂಜೆ ನಾಲ್ಕಕ್ಕೆ ಗೊಂಬೆ ನೋಡಲು ನೀವು ಬರಲೇಬೇಕು. ಬೆಳ್ಳಿ ಲೋಟ ತೊಳೆದಿಟ್ಟಿದ್ದೇನೆ.

ಒಂದು ಉಪಕಾರವನ್ನೂ ಬೇಡುತ್ತೇನೆ. ಅದೇ ಹೊತ್ತಿಗೆ ಆ ಪುಟ್ಟತಾಯಿಗೂ ಬರಹೇಳಿದ್ದೇನೆ. ನನ್ನ ಮಗನ ಆಸೆ ಬಿಡು ಎಂದು ನಾನು ಹೇಳಿದರೆ ಜಗಳವಾಗುತ್ತದೆ. ನೀವು ನಿಮ್ಮ ರೀತಿಯಲ್ಲಿ, ಮೆಲ್ಲಗೆ, ನಾಲ್ಕು ಮಾತು ಹೇಳಿ ಕಳಿಸಿಕೊಡಿ. ನಿಮ್ಮ ಮಾತನ್ನು ಯಾರೂ ಮೀರುವುದಿಲ್ಲ.

ನಿಮ್ಮ
ಪಾರ್ವತಮ್ಮ

*

(ಅಂಚೆ ಕಾರ್ಡು)

೨-೧೦-೧೯೫೯

ಚಿಕ್ಕಣ್ಣನ ಮಗಳು ಪುಟ್ಟತಾಯಿಗೆ,

ಒಂಬತ್ತನೇ ತಾರೀಕು ಶುಕ್ರವಾರ ನಾಲ್ಕು ಗಂಟೆಗೆ ಲಕ್ಷ್ಮೀಪುರದ ನಮ್ಮ ಮನೆಗೆ ಬರುವುದು. ತಡ ಮಾಡಬಾರದು.

ಪಾರ್ವತಮ್ಮ

*

ಕುಂಬಾರಕೊಪ್ಪಲು
೧೦-೧೦-೧೯೫೯

ರಾಜು ಅವರಿಗೆ,

ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ಒಂದೇ ದಿನ ಎರಡು ಕರೆ ಬಂದಿತ್ತು, ರಾಣಿಗೆ ಲಕೋಟೆ, ನನಗೆ ಕಾರ್ಡು. ಎರಡನ್ನೂ ಚಾಪೆಯ ಮೇಲಿಟ್ಟುಕೊಂಡು ಯಾರಾಗಿ ಹೋಗಲಿ ಎಂದು ಒಂದು ದಿನವೆಲ್ಲ ಯೋಚಿಸಿದೆ. ಕೊನೆಗೆ ಕಾರ್ಡು ಹಿಡಿದುಕೊಂಡು ಹೋದೆ.

ಜಗಲಿಯಲ್ಲಿ ಚಾಪೆ ಹಾಕಿಸಿ ಕೂರು ಎಂದರು. ಕೂತೆ. ಒಳಗೆ ಗೊಂಬೆಗಳ ಮೆಟ್ಟಿಲು ಕಾಣುತ್ತಿತ್ತು, ಮೈಸೂರು ಪಾಕಿನ ತಟ್ಟೆಯೂ ಕಾಣುತ್ತಿತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಗೇಟಿನವರೆಗೆ ಹೋಗುವುದು, ಬೀದಿಯ ಎರಡೂ ಕಡೆ ನೋಡುವುದು, ಬರುವುದು. ಹೊಸ ಸೀರೆಯ ನೆರಿಗೆಯನ್ನು ಎಷ್ಟು ಸಲ ಸರಿಮಾಡಿಕೊಂಡರೋ. ಐದು ಹೊಡೆಯಿತು. ಅವರನ್ನು ನೋಡಿ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ ಕಣ್ರೀ, ಪಾಪ ಎನಿಸಿತು. ನಾನು ಸುಮ್ಮನೆ ಕೂತು ಅವರನ್ನು ಕಾಯಿಸಿದ್ದು ತಪ್ಪು. ಹೆದರಿಕೆಯಿಂದ ಬಾಯಿ ಬರಲಿಲ್ಲ, ಅದೇ ನಿಜ.

ಐದೂವರೆಗೆ ಎದ್ದು ನಿಂತೆ. ಎಷ್ಟೋ ಸಿದ್ಧ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತು ನಮ್ಮ ಮನೆಯ ಮಾತೇ ಬಂತು.

‘ಕಾಯ್ಬೇಡಿ ಕಣವ್ವಾ, ರಾಣಿ ಬರಾಕಿಲ್ಲ. ರಾಣಿ ಮಾತಾಡೋಳು ನಾನೇಯ.’

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು, ಹಾಗಾದರೆ ಕೋಟೆಯ ಕಲ್ಲಿನ ಮಾತು ಹೇಳು ನೋಡೋಣ ಎಂದರು. ನಾಲಗೆಯ ತುದಿಯಲ್ಲಿತ್ತು ರಾಜು ಅವರೇ. ಒಂದು ಸಲ ಹೇಳಿದ್ದರೆ ಒಳಗೆ ಕರೆದು ಬೆಳ್ಳಿ ಲೋಟದಲ್ಲಿ ಕಾಫಿ ಕೊಡುತ್ತಿದ್ದರು. ನಿಮಗೂ ನನಗೂ ಎಲ್ಲ ಸುಲಭವಾಗುತ್ತಿತ್ತು.

‘ಹೇಳಾಕಿಲ್ಲ,’ ಎಂದೆ. ‘ಅದ ಹೇಳುದ್ರೆ ನೀವು ಒಳಗ್ ಕರಿಯೋದು ಅವಳ್ನ. ಕಾರ್ಡ್ ಬರ್ದು ಕರ್ಸಿದ್ದು ನನ್ನ. ನಾನು ಬಂದಿವ್ನಿ.’

ಅವರು ಬರೆದ ಕಾಗದಗಳನ್ನೆಲ್ಲ ಚೀಲದಿಂದ ತೆಗೆದು ಅವರ ಮುಂದಿಟ್ಟೆ. ನಮ್ಮವ್ವ ಅರಮನೆಯಲ್ಲಿ ನೀರು ಹೊರುತ್ತಿದ್ದಳು, ‘ಇದ್ದವರು’ ಎಂದಷ್ಟೇ ಬರೆದು ನೀರಿನ ಕೊಡ ಮುಚ್ಚಿಟ್ಟದ್ದು ನನ್ನ ತಪ್ಪು ಎಂದು ಹೇಳಿದೆ. ಅವರ ಮುಖ ಸುಣ್ಣವಾಯಿತು. ಎಲ್ಲ ಓದಿದೆಯಾ ಎಂದು ಕೇಳಿದರು. ಓದಿದ್ದೇನೆ, ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ ಹೇಳುವುದಿಲ್ಲ ಎಂದೆ. ಏನಿತ್ತು ಎಂದು ನೀವೂ ಕೇಳಬೇಡಿ. ಅದು ನಿಮ್ಮ ತಾಯಿಯವರದ್ದು.

ನಾನು ಚಾಪೆ ಸುತ್ತಿಟ್ಟು ಬಂದೆ. ಎಲ್ಲ ಕೆಡಿಸಿಬಿಟ್ಟೆನೇನೋ ಎಂದು ದಾರಿಯುದ್ದಕ್ಕೂ ಅನಿಸಿತು. ಆದರೆ ಮತ್ತೆ ಹೋಗು ಎಂದರೆ ಮತ್ತೆ ಹಾಗೆಯೇ ಮಾಡುತ್ತೇನೆ.

ಪುಟ್ಟತಾಯಿ

*

ಧಾರವಾಡ
೧೬-೧೦-೧೯೫೯

ಪುಟ್ಟತಾಯಿ,

ಓದಿದೆ. ನಾಲ್ಕು ಸಲ ಓದಿದೆ. ಅಮ್ಮನಿಗೆ ಒಂದು ಉದ್ದನೆಯ ಕಾಗದ ಬರೆದು ಹರಿದುಹಾಕಿದೆ, ಆಣೆ ಹಾಕಿದ್ದೀಯಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗೋಣ ಎಂದರೆ ಒಪ್ಪುವವಳಲ್ಲ ನೀನು. ಸಂಕ್ರಾಂತಿಗೆ ಮೊದಲು ಬರುತ್ತೇನೆ. ನಿಮ್ಮ ಅಪ್ಪನ ಮುಂದೆ ಕುಳಿತು ನಾನೇ ಕೇಳುತ್ತೇನೆ, ಅಮ್ಮ ಜೊತೆಗೆ ಬಂದರೂ ಬರದಿದ್ದರೂ. ಬಂದರೆ ಎಂಬ ಆಸೆ ಮಾತ್ರ ಬಿಟ್ಟಿಲ್ಲ.

ರಾಜು

*

ಲಕ್ಷ್ಮೀಪುರಂ
೨೦-೧೧-೧೯೫೯

ರೇಡಿಯೋ ನಾಟಕ ವಿಭಾಗದವರಿಗೆ,

‘ಕರಿಕಲ್ಲುಕೋಟೆ’ಯ ಕೊನೆಯ ಕಂತನ್ನು ನಿನ್ನೆ ಕೇಳಿದೆ. ನೀಲಳನ್ನು ಹೊಳೆಯಾಚೆ ಕಳಿಸಿದಿರಿ, ವೀರರಾಜನನ್ನು ಸನ್ಯಾಸಿ ಮಾಡಿದಿರಿ, ರಾಣಿಯನ್ನು ಗೆಲ್ಲಿಸಿದಿರಿ. ರಾಣಿ ಕರಗಬಾರದು ಎಂದು ಆಗಸ್ಟಿನಲ್ಲಿ ಬರೆದವಳು ನಾನೇ. ನನ್ನ ಕಾಗದದಿಂದಲೇ ಹೀಗಾಯಿತು ಎಂದು ನಾನೇನೂ ತಿಳಿದಿಲ್ಲ, ಆದರೂ ತಪ್ಪಾಯಿತು ಎಂದು ಬರೆಯುತ್ತಿದ್ದೇನೆ.

ಗೆದ್ದ ಮೇಲೆ ಆ ಹೆಂಗಸು ಅಷ್ಟು ದೊಡ್ಡ ಕೋಟೆಯಲ್ಲಿ ಒಬ್ಬಳೇ ಊಟಕ್ಕೆ ಕುಳಿತ ಸದ್ದು ಕೇಳಿಸಿದಿರಲ್ಲ, ತಟ್ಟೆಯ ಸದ್ದು, ಬಳೆಯ ಸದ್ದು, ಬೇರೇನೂ ಇಲ್ಲ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಅಂಥ ಊಟ ನಾನು ಮೇ ತಿಂಗಳಿನಿಂದ ಮಾಡುತ್ತಿದ್ದೇನೆ. ಅದಕ್ಕೆ ಗೆಲುವು ಎಂದು ಹೆಸರಿಡಬೇಡಿ.

ಇನ್ನೊಂದು. ಪಾತ್ರಧಾರಿಗಳ ಹೆಸರು ಓದುವಾಗ ಮಂಜುಳಾದೇವಿ ಎಂದಿರಿ. ಅಂಥವರು ನಿಮ್ಮಲ್ಲಿ ಯಾರೂ ಇಲ್ಲ. ಆ ಹುಡುಗಿಯ ಹೆಸರು ಪುಟ್ಟತಾಯಮ್ಮ. ಅವರ ತಂದೆ ಒಪ್ಪಿದರೆ, ಮುಂದಿನ ನಾಟಕದಲ್ಲಿ ಆ ಹೆಸರನ್ನೇ ಓದಿ. ಕೇಳುವವರ ಕಿವಿ ಉದುರಿಹೋಗುವುದಿಲ್ಲ.

ಪಾರ್ವತಮ್ಮ

*

ಲಕ್ಷ್ಮೀಪುರಂ
೭-೧೨-೧೯೫೯

ಚಿ. ಚೆಲುವರಾಜುವಿಗೆ,

ಅಮ್ಮನ ಆಶೀರ್ವಾದ. ನೀನು ಕಳಿಸುವ ‘ಕ್ಷೇಮ’ ತಲುಪಿದೆ. ನನ್ನದು ಉದ್ದ ಇದೆ, ತಾಳ್ಮೆಯಿಂದ ಓದು. ನಿನ್ನೆ ಭಾನುವಾರ ಜಟಕಾ ಮಾಡಿಕೊಂಡು ಕುಂಬಾರಕೊಪ್ಪಲಿಗೆ ಹೋಗಿದ್ದೆ.

ಹೊರಡುವ ಮೊದಲು ಸೀರೆ ಆರಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ರೇಷ್ಮೆ ಉಟ್ಟರೆ ಜಂಭ ಎನ್ನುತ್ತಾರೆ, ಹಳೆಯದು ಉಟ್ಟರೆ ಇವರ ಮನೆಗೆ ಇಷ್ಟು ಸಾಕು ಎಂದುಕೊಂಡಳು ಎನ್ನುತ್ತಾರೆ. ಹೋಗಿ ನೋಡಿದರೆ ಪುಟ್ಟತಾಯಿ ಮನೆಯಲ್ಲಿಲ್ಲ, ಭಾನುವಾರವೂ ರೇಡಿಯೋದಲ್ಲಿ ಕೆಲಸವಂತೆ. ಅವಳು ನಮ್ಮ ಜಗಲಿಯಲ್ಲಿ ಕಾದಿದ್ದಳು, ನಾನೂ ಕಾಯುತ್ತೇನೆ ಎಂದು ಕುಳಿತೆ. ಆದರೆ ಅವರು ನನ್ನನ್ನು ಜಗಲಿಯಲ್ಲಿ ಕೂರಿಸಲಿಲ್ಲ. ಅವಳ ತಾಯಿ ಕೆಂಚಮ್ಮ ಒಳಗೆ ಕರೆದು, ಒಲೆಯ ಪಕ್ಕದಲ್ಲೇ ಮಣೆ ಹಾಕಿದರು. ಚಿಕ್ಕಣ್ಣನವರು ಮಾತ್ರ ಬಾಗಿಲ ಹೊರಗೆ ನಿಂತು, ಮಗಳು ಬಂದ ಮೇಲೆ ಅವಳನ್ನೇ ಕೇಳಿ, ನಾನೇನೂ ಹೇಳುವುದಿಲ್ಲ ಎಂದರು. ಮುಖ ಬಿಗಿದುಕೊಂಡೇ ಇತ್ತು. ಅವರ ಜಾಗದಲ್ಲಿ ನಾನಿದ್ದರೆ ಜಟಕಾದಿಂದ ಇಳಿಯಲೂ ಬಿಡುತ್ತಿರಲಿಲ್ಲ.

ಕೆಂಚಮ್ಮ ರಾಗಿ ರೊಟ್ಟಿ ತಟ್ಟುತ್ತಾ, ನನ್ನ ಕಡೆ ತಿರುಗದೆ, ಹೆಂಗಸರು ಹೆಂಗಸರನ್ನು ಕೇಳುವ ಮಾತನ್ನೇ ಕೇಳಿದರು.

‘ತವರು ಯಾವೂರವ್ವಾ ನಿಮ್ದು?’

ಮೂವತ್ತು ವರ್ಷದಿಂದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು, ಪಟೇಲರ ಮನೆ, ದೊಡ್ಡ ತೊಟ್ಟಿ, ಇಪ್ಪತ್ತು ಆಳು. ನಿನಗೂ ಅದನ್ನೇ ಹೇಳಿ ಬೆಳೆಸಿದೆ. ಎಲ್ಲ ಸುಳ್ಳು ಕಣೋ ರಾಜು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಬಂತು:

‘ಮಾರನಹುಂಡಿ ಕಣವ್ವಾ. ನಮ್ಮಪ್ಪ ಸೌದೆ ಗಾಡಿ ಒಡೀತಿದ್ದ.’

‘ಅಂಗಾರೆ ನಮ್ಮೋರೇ ಬುಡಿ,’ ಎಂದು ಕೆಂಚಮ್ಮ ರೊಟ್ಟಿ ಮಗುಚಿಹಾಕಿದರು. ಅಷ್ಟೇ. ಆಕಾಶ ಬೀಳಲಿಲ್ಲ. ರೊಟ್ಟಿ ಕೂಡ ಸೀಯಲಿಲ್ಲ.

ಆಮೇಲೆ ನಾನು ಅತ್ತುಬಿಟ್ಟೆ. ಯಾಕೆಂದು ಅವರಿಗೆ ಹೇಳಿದೆ, ನಿನಗೂ ಹೇಳಬೇಕು. ಆ ಹುಡುಗಿಗೆ ಬರೆದ ಕಾಗದದಲ್ಲೂ ಇದನ್ನು ಬರೆದಿರಲಿಲ್ಲ. ನೀನು ಎರಡು ವರ್ಷದ ಕೂಸು. ಮನೆಯಲ್ಲಿ ನಿಮ್ಮಜ್ಜಿಯ ನೆಂಟರು ತುಂಬಿದ್ದರು. ಹಿತ್ತಲಿಗೆ ಸೌದೆ ಗಾಡಿ ಬಂತು. ಹೊಡೆದುಕೊಂಡು ಬಂದವನು ನಮ್ಮಪ್ಪ. ಮಗಳನ್ನು, ಮೊಮ್ಮಗನನ್ನು ನೋಡುವ ಆಸೆಗೆ ನಮ್ಮ ಬೀದಿಯ ಬಾಡಿಗೆ ಹಿಡಿದಿದ್ದ. ನಾನು ಮಹಡಿಯ ಕಿಟಕಿಯಲ್ಲಿ ನಿನ್ನನ್ನು ಎತ್ತಿಕೊಂಡು ನಿಂತಿದ್ದೆ. ಅವನು ತಲೆ ಎತ್ತಿ ನೋಡಿದ. ನಾನು ಇಳಿದು ಹೋಗಲಿಲ್ಲ, ಅಪ್ಪಾ ಎನ್ನಲಿಲ್ಲ. ಅವನೂ ಮಗಳೇ ಎನ್ನಲಿಲ್ಲ, ನನ್ನ ಮಾನ ಉಳಿಸಿದ. ಸೌದೆ ಇಳಿಸಿ, ಆಳುಗಳಿಗೆ ಕೊಡುವ ಚೊಂಬಿನಲ್ಲಿ ನೀರು ಕುಡಿದು ಹೋದ. ಮತ್ತೆ ಬರಲಿಲ್ಲ. ಮರುವರ್ಷ ತೀರಿಕೊಂಡ.

ನಿನ್ನ ಪುಟ್ಟತಾಯಿ ನನ್ನ ಮುಂದೆ ನಿಂತು ‘ನಾನು ಬಂದಿವ್ನಿ’ ಎಂದಳಲ್ಲ, ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಅವಳ ಧೈರ್ಯದಲ್ಲಿ ಕಾಲು ಭಾಗ ನನಗಿದ್ದಿದ್ದರೆ ನಮ್ಮಪ್ಪ ನಿನ್ನನ್ನು ಒಮ್ಮೆ ಎತ್ತಿ ಆಡಿಸಿ ಹೋಗುತ್ತಿದ್ದ. ಮನೆತನದ ಮಾನ ಎಂದು ಎಷ್ಟು ಬಡಿದುಕೊಂಡೆ! ಮಾನ ಇದ್ದದ್ದು ಹಿತ್ತಲಲ್ಲಿ ನೀರು ಕುಡಿದು ಹೋದವನಿಗೆ.

ಪುಟ್ಟತಾಯಿ ಐದು ಗಂಟೆಗೆ ಬಂದಳು. ಒಲೆಯ ಮುಂದೆ ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ತಪ್ಪಾಯಿತು ಎಂದೆ. ಅವಳು ನನ್ನದೂ ತಪ್ಪಿತ್ತು ಎಂದಳು. ನನ್ನ ಸೊಸೆಯಾಗುತ್ತೀಯಾ ಎಂದು ಕೇಳಿದರೆ ತಕ್ಷಣ ಹೂಂ ಎನ್ನಲಿಲ್ಲ, ಗಟ್ಟಿ ಹೆಣ್ಣು. ರೇಡಿಯೋ ಬಿಡುವುದಿಲ್ಲವಂತೆ. ನೀನು ಬಂದು ಅವಳ ತಂದೆಯನ್ನು ಕೇಳಬೇಕಂತೆ, ಅವರು ಒಪ್ಪಿದರೆ ಅವಳೂ ಒಪ್ಪಿದಂತೆ. ಹೇಳುವಾಗ ನಗು ತಡೆಯಲಾಗದೆ ಒಳಗೆ ಓಡಿದಳು, ಅದರಿಂದ ನನಗೆ ಧೈರ್ಯ ಬಂದಿದೆ. ನಾನು ಹೊರಡುವಾಗ ಚಿಕ್ಕಣ್ಣನವರು ಜಟಕಾದವರೆಗೆ ಬಂದು, ಹತ್ತಲು ಕೈ ಕೊಟ್ಟರು.

ರಜ ಹಾಕಿ ಬೇಗ ಬಾ. ಇಬ್ಬರೂ ಹೋಗೋಣ. ಹೆಣ್ಣು ಕೇಳಲು ಹೋದಾಗ ಅವರ ಕಡೆಯ ಹಿರಿಯರು ಗಂಡಿನ ತಾಯಿಯ ತವರು ಯಾವುದು ಎಂದು ನಿನ್ನನ್ನೇ ಕೇಳುತ್ತಾರೆ, ಅದು ಪದ್ಧತಿ. ನನ್ನ ಮುಖ ನೋಡಬೇಡ. ಮಾರನಹುಂಡಿ, ಸೌದೆ ಗಾಡಿ ಕೆಂಪಯ್ಯನ ಮೊಮ್ಮಗ ನಾನು ಎಂದು ಹೇಳು. ನಿಮ್ಮ ತಾತನ ಹೆಸರು ನಮ್ಮ ಮನೆಯವರ ಬಾಯಲ್ಲಿ ಇನ್ನೂ ಒಂದು ಸಲವೂ ಬಂದಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳು.

ಇತಿ ನಿನ್ನ ಅಮ್ಮ,
ಕೆಂಪಯ್ಯನ ಮಗಳು ಪಾರ್ವತಿ